ಕಿವಿ ಸುಡುವ ಫೋನು, ಕಾಡುವ ಟವರು: ಪರೀಕ್ಷಿಸುವುದು ಹೇಗೆ?

ಗಂಗಾವತಿ ತಾಲ್ಲೂಕಿನ ಸಾಣಾಪುರದ ಕಡೆ, ಬಂಡೆಗುಡ್ಡದ ಮಗ್ಗುಲಲ್ಲಿ ನಮ್ಮ ಅಕ್ಕನ ಮನೆ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಅವಳಿಂದ ಎರಡು ದೂರು ಬಂದವು. ಒಂದು, "ಒಳಗ ಟವರ್ ಸಿಗಂಗಿಲ್ಲ ನೋಡು ತಮ್ಮಾ." ಇನ್ನೊಂದು, "ಆ ಟವರ್ ನಿಂತಾಗಿಂದ ಫೋನ್ ಹಿಡದ್ರ ಕಿವಿ ಸುಡಾಕ ಹತ್ತೈತಿ." ಟವರ್ ಬೇಕು, ಟವರ್ ಬೇಡ. ಎರಡೂ ಒಂದೇ ಬಾಯಲ್ಲಿ. ನಗಲಿಲ್ಲ, ಅವಳ ಫೋನ್ ಇಸಿದುಕೊಂಡೆ.

ಮೊದಲು ಮಾಡಬೇಕಾದದ್ದು ಇಷ್ಟೇ: ಕರೆ ಮಾಡಲು ನಂಬರ್ ಒತ್ತುವ ಪರದೆಯಲ್ಲಿ *#07# ಒತ್ತಿ. ಕರೆ ಹೋಗುವುದಿಲ್ಲ, ದುಡ್ಡೂ ಕಡಿತವಾಗುವುದಿಲ್ಲ. ಸಾಮಾನ್ಯವಾಗಿ 'ಹೆಡ್', 'ಬಾಡಿ' ಎಂದು ಎರಡು ಅಂಕಿ ಕಾಣುತ್ತವೆ. ಇದಕ್ಕೆ ಎಸ್‌ಎಆರ್, ಬಾಯಿಮಾತಿನಲ್ಲಿ 'ಸಾರ್' ಎನ್ನುತ್ತಾರೆ (ಮೇಷ್ಟ್ರಿಗೆ ಅನ್ನುವ ಸಾರ್ ಅಲ್ಲ). ಫೋನಿನ ರೇಡಿಯೊ ತರಂಗದ ಶಕ್ತಿಯನ್ನು ಮೈಯ ಮಾಂಸ ಎಷ್ಟು ಹೀರಿಕೊಳ್ಳುತ್ತದೆ ಎಂಬ ಲೆಕ್ಕ ಇದು. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಅಕ್ಕನ ಫೋನಿನದು ಒಂದಕ್ಕಿಂತ ಕಡಿಮೆ ಇತ್ತು.

ಆದರೆ ಈ ಅಂಕಿಯನ್ನು ನೋಡಿ ಒಂದು ಫೋನ್ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಪ್ರಯೋಗಾಲಯದಲ್ಲಿ ಮನುಷ್ಯನ ತಲೆಯ ಆಕಾರದ ಅಚ್ಚಿಗೆ ದ್ರವ ತುಂಬಿ, ಫೋನನ್ನು ಪೂರ್ತಿ ಜೋರಿನಲ್ಲಿ ಓಡಿಸಿ ಅಳೆದ ಅಂಕಿ ಅದು. ದಿನನಿತ್ಯ ಫೋನ್ ಅಷ್ಟು ಜೋರಾಗಿ ದುಡಿಯುವುದು ಅಪರೂಪ. ಯಾವಾಗ ದುಡಿಯುತ್ತದೆ ಎನ್ನುವುದೇ ಮುಖ್ಯ ಸಂಗತಿ.

ಅದಕ್ಕೆ ಎರಡನೇ ಪರೀಕ್ಷೆ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ಹುಡುಕಿ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಸಿಗ್ನಲ್ ಎಷ್ಟಿದೆ ಎನ್ನುವುದು ಅಲ್ಲಿ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಗುರುತಿನೊಡನೆ ಇರುತ್ತದೆ. ಮೈನಸ್ 80 ಅಂದರೆ ಚೆನ್ನಾಗಿದೆ, ಮೈನಸ್ 110 ಅಂದರೆ ಜೀವ ಹಿಡಿದುಕೊಂಡಿದೆ. ಪ್ರತಿ 10 ಕುಸಿದಾಗ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ 80ರಿಂದ 110ಕ್ಕೆ ಹೋದರೆ ಸಾವಿರ ಪಟ್ಟು ಕ್ಷೀಣ.

ಅಕ್ಕನ ಅಡುಗೆಮನೆಯಲ್ಲಿ, ತಗಡಿನ ಕೆಳಗೆ, ಮೈನಸ್ 112 ತೋರಿಸಿತು. ಹೊರಗೆ ಕಟ್ಟೆಯ ಮೇಲೆ ಕೂತರೆ ಮೈನಸ್ 88. ಹತ್ತು ಹೆಜ್ಜೆಯ ಅಂತರ, ಅಷ್ಟೇ. ಪಕ್ಕದಲ್ಲಿ ಕೂತವನ ಜೊತೆ ಪಿಸುಮಾತು ಸಾಕು, ಹೊಲದ ಆ ಬದುವಿನಲ್ಲಿ ನಿಂತವನಿಗೆ ಕೂಗು ಹಾಕಬೇಕು. ಫೋನಿನದೂ ಇದೇ ಪಾಡು. ಟವರಿನ ದನಿ ಸರಿಯಾಗಿ ಕೇಳದಿದ್ದರೆ ತಾನೇ ದನಿ ಎತ್ತುತ್ತದೆ. 4ಜಿ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್ ತನಕ ಏರುತ್ತದೆ. ಹಳೆಯ 2ಜಿ ಕೀಪ್ಯಾಡ್ ಸೆಟ್ಟು 2 ವ್ಯಾಟ್ ತನಕ ಮಿಡಿಯಬಲ್ಲದು, ಆದರೆ ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ. ಟವರ್ ಸನಿಹವಿದ್ದಷ್ಟೂ ನಿಮ್ಮ ಕಿವಿಗೆ ಅಂಟಿದ ಫೋನ್ ಮೆಲ್ಲಗೆ ಪಿಸುಗುಟ್ಟುತ್ತದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ!

ಇನ್ನು ಕಿವಿ ಸುಡುವುದು. ಅದರಲ್ಲಿ ತರಂಗದ ಪಾತ್ರ ಬಹಳ ಕಡಿಮೆ. ಬ್ಯಾಟರಿ, ಪರದೆ, ಒಳಗಿನ ಚಿಪ್ ಬಿಸಿಯಾಗುತ್ತವೆ. ಫೋನ್ ಚರ್ಮಕ್ಕೆ ಒತ್ತಿಕೊಂಡಿರುವುದರಿಂದ ಶಾಖ ಹೋಗಲು ದಾರಿ ಇಲ್ಲ. ಅದರ ಮೇಲೆ ನಮ್ಮ ಏಪ್ರಿಲ್ ಬಿಸಿಲು.

ಮೂರನೆಯದು, ಅಂತರ. ಕಿವಿಯಿಂದ ಒಂದು ಗೇಣು ದೂರ ಹಿಡಿದು ಸ್ಪೀಕರ್ ಹಾಕಿದರೆ ತಲೆಗೆ ತಾಗುವ ತರಂಗ ತೀವ್ರವಾಗಿ ಕುಸಿಯುತ್ತದೆ. ತಂತಿಯ ಇಯರ್‌ಫೋನ್ ಆದರೂ ಸರಿ. ಬ್ಲೂಟೂತ್ ಕೂಡ ಫೋನಿಗಿಂತ ತೀರಾ ಕಡಿಮೆ ಶಕ್ತಿಯದು. ಬಸ್ಸಿನಲ್ಲಿ ಸ್ಪೀಕರ್ ಹಾಕುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಫೋನನ್ನು ಅಂಗಿಯ ಜೇಬಿಗೆ ಹಾಕಲೇಬಾರದು. 15 ಸೆಂಟಿಮೀಟರ್ ದೂರ ಇರಲಿ, ಮಾತಾಡುವಾಗ ಆಚೆ ಬದಿಯ ಕಿವಿಗೆ ಹಿಡಿಯಿರಿ. ಫೋನಿನ ಬೆನ್ನಿಗೆ ಹಚ್ಚುವ 'ರೇಡಿಯೇಷನ್ ತಡೆ' ಸ್ಟಿಕ್ಕರ್‌ಗೆ ದುಡ್ಡು ಸುರಿಯಬೇಡಿ. ಅದು ನಿಜವಾಗಿ ತರಂಗ ತಡೆದರೆ ಫೋನ್ ಇನ್ನೂ ಜೋರಾಗಿ ಕೂಗಬೇಕಾಗುತ್ತದೆ. ತಡೆಯದಿದ್ದರೆ ಅದು ಬರೀ ಚಿತ್ರ.

ಕ್ಯಾನ್ಸರ್ ಮಾತು ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ ತಿಂಗಳಲ್ಲಿ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರಬಹುದೆಂಬ ಶಂಕೆ ಇದೆ, ಗಟ್ಟಿ ಪುರಾವೆ ಇಲ್ಲ ಎಂಬ ಗುಂಪು ಅದು. ಬಾಗಿಲಿಗೆ ದೃಷ್ಟಿ ತಾಗದಿರಲೆಂದು ಕಟ್ಟುತ್ತೇವಲ್ಲ, ಆ ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಎಕ್ಸ್‌ರೇ ಹಾಗೆ ಅಣುಗಳನ್ನು ಒಡೆಯುವ ಶಕ್ತಿ ರೇಡಿಯೊ ತರಂಗಕ್ಕಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಕಾಯಿಸುವುದು, ಮಿತಿಗಳನ್ನು ಇಟ್ಟಿರುವುದೂ ಅದಕ್ಕೇ.

ಕೊನೆಗೆ ಟವರ್. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆಂಟೆನಾ ಕೂಡ ತರಂಗವನ್ನು ಮುಂದಕ್ಕೆ, ಚೂರು ಬಾಗಿಸಿ ಎಸೆಯುತ್ತದೆ. ನೇರ ಬುಡದಲ್ಲಿ ಪ್ರಮಾಣ ಕಡಿಮೆ. ಆಂಟೆನಾದ ಎದುರಿಗೆ, ಅದೇ ಎತ್ತರದಲ್ಲಿ, ಹತ್ತಿರದಲ್ಲೇ ಮಹಡಿ ಇದ್ದರೆ ಅಲ್ಲಿ ಅಳೆಸುವುದು ನ್ಯಾಯ. 2012ರಲ್ಲಿ ಭಾರತ ಟವರ್ ತರಂಗದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿಕೊಂಡಿತು; ಅದರ ಪ್ರಕಾರ, 900 ಮೆಗಾಹರ್ಟ್ಸ್ ಕಂಪನದ ತರಂಗಕ್ಕೆ ಚದರ ಮೀಟರಿಗೆ 0.45 ವ್ಯಾಟ್. ದೂರಸಂಪರ್ಕ ಇಲಾಖೆಯ 'ತರಂಗ ಸಂಚಾರ' ಜಾಲತಾಣದಲ್ಲಿ ನಿಮ್ಮ ಊರಿನ ನಕ್ಷೆ ತೆರೆದರೆ ಸುತ್ತಲಿನ ಟವರುಗಳು, ಅವು ನಿಯಮ ಪಾಲಿಸಿವೆಯೇ ಎಂಬ ವಿವರ ಸಿಗುತ್ತದೆ. ಅನುಮಾನ ಉಳಿದರೆ ಅಲ್ಲೇ ಅರ್ಜಿ ಹಾಕಿ 4,000 ರೂಪಾಯಿ ಕಟ್ಟಿದರೆ ಇಲಾಖೆಯವರು ಬಂದು ಅಳೆದು ವರದಿ ಕೊಡುತ್ತಾರೆ.

"ನಾಕ್ ಸಾವ್ರ?" ಅಂದಳು ಅಕ್ಕ. ಫೋನ್ ಕಸಿದುಕೊಂಡು ಕಟ್ಟೆಯ ಮೇಲೆ ಹೋಗಿ ಕೂತು, ಸ್ಪೀಕರ್ ಹಾಕಿ ಸಿಂಧನೂರಿನ ಮಗಳ ಜೊತೆ ಮಾತಿಗಿಳಿದಳು. ಈಗ ಓಣಿಗೆಲ್ಲ ಅವರ ಮನೆಯ ಸುದ್ದಿ ಕೇಳಿಸುತ್ತದೆ.