ಥ್ರೀ ಫೇಸ್ ಮೋಟಾರ್: ಸ್ಟಾರೋ, ಡೆಲ್ಟಾವೋ? ಪ್ಲೇಟ್ ಓದಿ ಹಿತ್ತಾಳೆ ಪಟ್ಟಿ ಹಾಕಿ

ನನ್ನದು ಕೊಡಗಿನ ಸುಂಟಿಕೊಪ್ಪದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬಾಗಿಲಿಗೆ ಬಂದ ಮೋಟಾರಿಗೆ ಏನಾಗಿದೆ ಅಂತ ಅರ್ಧ ಮೂಗೇ ಹೇಳುತ್ತದೆ. ಬೇರಿಂಗ್ ಹೋಗಿದ್ದರೆ ಕರಿದ ಗ್ರೀಸಿನ ವಾಸನೆ. ಹೊಳೆ ಬದಿಯ ಪಂಪಾದರೆ ಕೆಸರಿನ ವಾಸನೆ. ವಾರ್ನಿಷ್ ಸುಟ್ಟ ಘಾಟು ಬಂತೋ, ಮಾತು ಮುಗಿಯಿತು, ವೈಂಡಿಂಗ್ ಹೋಗಿದೆ.

ಒಂದು ಡಿಸೆಂಬರ್ ಸಂಜೆ ಮಾದಾಪುರ ಕಡೆಯ ಕಾಫಿ ತೋಟದ ರೈಟರ್ (ತೋಟದ ಲೆಕ್ಕ ನೋಡಿಕೊಳ್ಳುವವರು) ಪಿಕಪ್‌ನಲ್ಲಿ ಅಂಥದ್ದೇ ಒಂದನ್ನು ತಂದರು. ಪಲ್ಪರ್‌ಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಹಾಕಿದ್ದ 3 ಎಚ್‌ಪಿ ಮೋಟಾರ್. ಅರೇಬಿಕಾ ಕೊಯ್ಲಿನ ಸಮಯ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ರಾಶಿಯಲ್ಲೇ ಬಿಸಿಯಾಗಿ ಹುಳಿ ಬರುತ್ತದೆ. ಅವರ ಮುಖದಲ್ಲೂ ಆ ಬಿಸಿ ಇತ್ತು.

"ಹೊಸ ಮೋಟಾರ್ ಮಾರಾಯ್ರೇ. ಹತ್ತು ನಿಮಿಷ ಓಡಿಲ್ಲ."

ಟರ್ಮಿನಲ್ ಬಾಕ್ಸಿನ ಮುಚ್ಚಳ ತೆಗೆದೆ. ಮೂರು ಹಿತ್ತಾಳೆ ಪಟ್ಟಿಗಳೂ ಉದ್ದುದ್ದ ನಿಂತಿದ್ದವು. ಅಂದರೆ ಡೆಲ್ಟಾ. ಮೋಟಾರಿನ ಮೈಮೇಲಿನ ವಿವರದ ಪ್ಲೇಟ್ ಒರೆಸಿ ನೋಡಿದೆ. ತ್ರಿಕೋನದ (ಡೆಲ್ಟಾ) ಗುರುತಿನ ಪಕ್ಕ 230, ವೈ ಆಕಾರದ (ಸ್ಟಾರ್) ಗುರುತಿನ ಪಕ್ಕ 400. ಹೊರದೇಶದ ಮೋಟಾರ್, ಯಂತ್ರದ ಜೊತೆಯಲ್ಲೇ ಬಂದದ್ದು. ಹೀಗೆ ಪಟ್ಟಿ ಹಾಕಿದ್ದು ಯಾಕೆ ಅಂತ ಕೇಳಿದರೆ, "ಹಳೇ ಮೋಟಾರಲ್ಲೂ ಹೀಗೇ ಇತ್ತಲ್ವಾ?" ಅಂದರು.

ಹಳೇ ಮೋಟಾರಲ್ಲಿ ಹಾಗಿದ್ದದ್ದು ಸರಿಯೇ. ಇದಕ್ಕೆ ಸರಿಯಲ್ಲ, ಅಷ್ಟೇ.

ಥ್ರೀ ಫೇಸ್ ಮೋಟಾರ್ ಒಳಗೆ ಮೂರು ವೈಂಡಿಂಗ್ ಇರುತ್ತದೆ. ಒಂದೊಂದಕ್ಕೂ ಎರಡು ತುದಿ, ಒಟ್ಟು ಆರು ವಯರ್. ನಮ್ಮಲ್ಲಿ ಎರಡು ಫೇಸ್ ನಡುವೆ 415 ವೋಲ್ಟ್ ಲೆಕ್ಕ, ಫೇಸ್ ಮತ್ತು ನ್ಯೂಟ್ರಲ್ ನಡುವೆ 240. ಮೂರು ವೈಂಡಿಂಗಿನ ಬಾಲಗಳನ್ನು ಒಂದೇ ಕಡೆ ಗಂಟು ಹಾಕಿ, ತಲೆಗಳಿಗೆ ಮೂರು ಫೇಸ್ ಕೊಟ್ಟರೆ ಸ್ಟಾರ್. ಆಗ ಒಂದೊಂದು ವೈಂಡಿಂಗಿಗೆ ಸಿಗುವುದು 415ನ್ನು 1.73ರಿಂದ ಭಾಗಿಸಿದಷ್ಟು, ಅಂದರೆ 240. ಒಂದರ ಬಾಲವನ್ನು ಇನ್ನೊಂದರ ತಲೆಗೆ ಸೇರಿಸುತ್ತಾ ಮೂರನ್ನೂ ಸುತ್ತ ಜೋಡಿಸಿದರೆ ಡೆಲ್ಟಾ. ಆಗ ಪ್ರತಿ ವೈಂಡಿಂಗಿಗೂ ಪೂರ್ತಿ 415.

ಆದ್ದರಿಂದ ಸ್ಟಾರೋ ಡೆಲ್ಟಾವೋ ಅಂತ ಯೋಚಿಸುವ ಮೊದಲು ಬೇರೆ ಪ್ರಶ್ನೆ ಕೇಳಿಕೊಳ್ಳಿ: ಈ ವೈಂಡಿಂಗನ್ನು ಎಷ್ಟು ವೋಲ್ಟಿಗೆ ಸುತ್ತಿದ್ದಾರೆ? ಪ್ಲೇಟಿನಲ್ಲಿ ತ್ರಿಕೋನದ ಪಕ್ಕ ಇರುವ ಸಂಖ್ಯೆಯೇ ಉತ್ತರ. ಮಾದಾಪುರದ ಮೋಟಾರಿನ ವೈಂಡಿಂಗ್ 230ರದ್ದು. ಅದಕ್ಕೆ 415 ಹೋಯಿತು. ಒಳಗಿನ ಕಬ್ಬಿಣ ಅಷ್ಟನ್ನು ತಾಳುವುದಿಲ್ಲ. ಲೋಡ್ ಇಲ್ಲದಿದ್ದರೂ ಪ್ಲೇಟಲ್ಲಿ ಬರೆದದ್ದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಅಷ್ಟು ಹೊತ್ತು ಓಡಿದ್ದೇ ದೊಡ್ಡದು.

ನಮ್ಮ ಕಡೆ ಬರುವ ಪ್ಲೇಟುಗಳು ಬಹುಮಟ್ಟಿಗೆ ಇವು. 230/400 ಅಂತ ಇದ್ದರೆ 415ರ ಲೈನಿಗೆ ಸ್ಟಾರ್. 400/690 ಅಂತ ಇದ್ದರೆ ಡೆಲ್ಟಾ. 690 ವೋಲ್ಟಿನ ಲೈನ್ ನಮ್ಮ ತೋಟಗಳಲ್ಲಿ ಇಲ್ಲ, ಅದನ್ನು ಮರೆತುಬಿಡಿ. ಬರೀ 415 ಬರೆದು ಪಕ್ಕದಲ್ಲಿ ಒಂದೇ ಗುರುತು ಇದ್ದರೆ ಆ ಗುರುತಿನ ಹಾಗೆ. ನಮ್ಮ ದೇಶದ ಮೋಟಾರ್‌ಗಳಲ್ಲಿ ಸಾಮಾನ್ಯವಾಗಿ ಚಿಕ್ಕವು ಸ್ಟಾರ್, 5 ಎಚ್‌ಪಿಯಿಂದ ಮೇಲಿನವು ಡೆಲ್ಟಾ. ಆದರೆ ಇದನ್ನು ನಂಬಿಕೊಂಡು ಪಟ್ಟಿ ಹಾಕಬೇಡಿ, ಪ್ಲೇಟ್ ಒರೆಸಿ. ಮೇಲೆ ಪೇಂಟ್ ಬಳಿದಿದ್ದರೆ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಹೊಸ ಪೇಂಟ್ ಹೊಡೆಯುವಾಗ ಪ್ಲೇಟನ್ನೂ ಮುಚ್ಚಿಬಿಡುವವರ ಮೇಲೆ ನನಗೆ ಸಿಟ್ಟಿದೆ.

ಇನ್ನು ಬಾಕ್ಸಿಗೆ ಕೈ ಹಾಕೋಣ. ಮೊದಲು ಮೇನ್ ಸ್ವಿಚ್ ಆಫ್. ಫ್ಯೂಸ್ ಕಿತ್ತು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಬೇರೆಯವರ ಕೈಗೆ ಕೊಡಬೇಡಿ. ಜನರೇಟರ್ ಇದ್ದರೆ ಅದರ ಚೇಂಜ್ ಓವರ್ ಸ್ವಿಚ್ಚನ್ನೂ ನೋಡಿ. ಆಮೇಲೆ ಮೀಟರ್ ಇಟ್ಟು ಮೂರು ಫೇಸೂ ಸತ್ತಿವೆ ಅಂತ ಖಾತ್ರಿ ಮಾಡಿಕೊಳ್ಳಿ. ಪಲ್ಪರ್ ಮನೆಯ ನೆಲ ಯಾವಾಗಲೂ ಒದ್ದೆ, ಅಲ್ಲಿ ಧೈರ್ಯ ತೋರಿಸಬೇಡಿ. ಈ ಕೆಲಸ ಕೈಗೆ ಒಗ್ಗದವರು ಗೊತ್ತಿರುವ ಎಲೆಕ್ಟ್ರಿಷಿಯನ್‌ನ ಕರೆಸಿ, ಪಕ್ಕದಲ್ಲಿ ನಿಂತು ಪ್ಲೇಟ್ ಓದಿ ಹೇಳಿ. ಅಷ್ಟೇ ಸಾಕು.

ಒಳಗೆ ಎರಡು ಸಾಲಿನಲ್ಲಿ ಆರು ಬೋಲ್ಟ್. ಮೇಲಿನ ಸಾಲು ತಲೆಗಳದ್ದು: ಯು1, ವಿ1, ಡಬ್ಲ್ಯು1. ಕೆಳಗಿನ, ಬಾಲಗಳ ಸಾಲನ್ನು ನೋಡಿ: ಯು1ರ ಕೆಳಗೆ ಯು2 ಇಲ್ಲ! ಡಬ್ಲ್ಯು2, ಯು2, ವಿ2 ಅಂತ ಒಂದು ಮನೆ ಸರಿದು ಕೂತಿರುತ್ತದೆ. ಯಾರೋ ತಪ್ಪಿ ಹಾಕಿದ್ದಾರೆ ಅಂತ ಸರಿ ಮಾಡಲು ಹೋಗಬೇಡಿ. ಹಾಗೆ ಸರಿಸಿ ಇಟ್ಟದ್ದರಿಂದಲೇ ಮೂರು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಹಾಕಿದರೆ ತಾನಾಗಿ ಡೆಲ್ಟಾ ಆಗುತ್ತದೆ. ಯು1ರ ನೇರ ಕೆಳಗೇ ಯು2 ಇದ್ದಿದ್ದರೆ ಪಟ್ಟಿ ಹಾಕಿದ ಕೂಡಲೇ ವೈಂಡಿಂಗಿನ ಎರಡು ತುದಿಯೂ ಶಾರ್ಟ್ ಆಗುತ್ತಿತ್ತು. ಸ್ಟಾರ್ ಬೇಕಾದರೆ ಉದ್ದದ ಪಟ್ಟಿಗಳನ್ನು ತೆಗೆದು, ಕೆಳಗಿನ ಮೂರು ಬೋಲ್ಟುಗಳನ್ನು ಅಡ್ಡಕ್ಕೆ ಸೇರಿಸಿ. ಫೇಸ್ ವಯರ್‌ಗಳು ಎರಡರಲ್ಲೂ ಯು1, ವಿ1, ಡಬ್ಲ್ಯು1ಕ್ಕೇ. ಉಳಿದ ಪಟ್ಟಿಯನ್ನು ಬಾಕ್ಸಿನೊಳಗೆ ಸುಮ್ನೆ ಬಿಡಬೇಡಿ. ಪಲ್ಪರ್ ನಡುಗಿದಾಗ ಅದು ಕುಣಿದು ಎಲ್ಲಿ ಕೂರುತ್ತದೋ ಹೇಳಲಾಗದು.

ಹಳೇ ಮೋಟಾರ್‌ಗಳಲ್ಲಿ ಎ1 ಎ2, ಬಿ1 ಬಿ2, ಸಿ1 ಸಿ2 ಅಂತ ಇರುತ್ತದೆ. ಅರ್ಥ ಅದೇ.

ಗುರುತಿನ ಸ್ಲೀವ್ ಎಲ್ಲ ಉದುರಿ ಆರು ಕರಿ ವಯರ್ ಮಾತ್ರ ಉಳಿದಿದ್ದರೆ? ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ ನೋಡಿ ಮೊದಲು ಮೂರು ಜೋಡಿ ಮಾಡಿಕೊಳ್ಳಿ. ಮುಂದಿನದು ಯಾವುದು ತಲೆ, ಯಾವುದು ಬಾಲ ಅನ್ನುವ ತಲೆನೋವು. ಇದಕ್ಕೆ ನನ್ನ ಗುರುಗಳು ಹೇಳಿಕೊಟ್ಟ ಉಪಾಯವನ್ನೇ ಇವತ್ತಿಗೂ ಮಾಡುತ್ತೇನೆ. ಬೆಲ್ಟ್ ಕಳಚಿ. ಪ್ರತಿ ಜೋಡಿಯ ಒಂದು ತುದಿಯನ್ನು ತಲೆ ಅಂದುಕೊಂಡು ಮೂರನ್ನೂ ಒಟ್ಟಿಗೆ ಹೊಸೆಯಿರಿ. ಬಾಲ ಅಂದುಕೊಂಡ ಮೂರನ್ನೂ ಒಟ್ಟಿಗೆ. ಈ ಎರಡು ಗಂಟುಗಳ ನಡುವೆ ಸೂಜಿ ಇರುವ ಹಳೇ ಮೀಟರನ್ನು ಮಿಲಿ ಆಂಪಿಯರ್ ಸ್ಕೇಲಿನಲ್ಲಿ ಇಡಿ. ಈಗ ಶಾಫ್ಟನ್ನು ಕೈಯಲ್ಲಿ ಜೋರಾಗಿ ತಿರುಗಿಸಿ. ಮೊದಲೊಮ್ಮೆ ಓಡಿದ ಮೋಟಾರಿನ ರೋಟರಿನಲ್ಲಿ ಸ್ವಲ್ಪ ಅಯಸ್ಕಾಂತದ ಗುಣ ಉಳಿದಿರುತ್ತದೆ. ಸೂಜಿ ಅಲ್ಲಾಡದೆ ನಿಂತರೆ ನಿಮ್ಮ ಊಹೆ ಸರಿ, ಮೂರರದ್ದೂ ಸೇರಿ ಸೊನ್ನೆಯಾಗಿದೆ. ಅಲ್ಲಾಡಿದರೆ ಒಂದು ಜೋಡಿ ತಿರುವುಮುರುವು. ಒಂದನ್ನು ತಿರುಗಿಸಿ ನೋಡಿ, ಆಗದಿದ್ದರೆ ಅದನ್ನು ಮೊದಲಿನಂತೆ ಮಾಡಿ ಮುಂದಿನದಕ್ಕೆ ಹೋಗಿ. ಮೂರು ಸಲದೊಳಗೆ ಸಿಕ್ಕೇ ಸಿಗುತ್ತದೆ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಕುಣಿಯುತ್ತವೆ, ಏನೂ ತಿಳಿಯುವುದಿಲ್ಲ. ಸೂಜಿ ಮೀಟರನ್ನು ಗುಜರಿಗೆ ಹಾಕಬೇಡಿ.

ಉಲ್ಟಾ ತಪ್ಪೂ ಬರುತ್ತದೆ, ಅದು ಫೆಬ್ರವರಿಯ ಕೇಸು. ರೋಬಸ್ಟಾಕ್ಕೆ ಹೂವಿನ ನೀರು ಕೊಡುವ ಸಮಯ. ಒಬ್ಬರ ಕೆರೆಯ 10 ಎಚ್‌ಪಿ ಪಂಪಿನ ಸ್ಟಾರ್ ಡೆಲ್ಟಾ ಸ್ಟಾರ್ಟರ್ (ಸ್ಟಾರಿನಲ್ಲಿ ಚಾಲೂ ಮಾಡಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಪೆಟ್ಟಿಗೆ) ಕೆಟ್ಟಿತ್ತು. ತಾತ್ಕಾಲಿಕ ಅಂತ ಯಾರೋ ಕೆಳಗಿನ ಮೂರನ್ನು ಸೇರಿಸಿ ನೇರ ಕರೆಂಟ್ ಕೊಟ್ಟಿದ್ದರು. ಡೆಲ್ಟಾ ಮೋಟಾರ್ ಸ್ಟಾರಿನಲ್ಲಿ ಓಡುತ್ತಿತ್ತು. ಸುಡಲಿಲ್ಲ, ಆದರೆ ಪೂರ್ತಿ ಸ್ಪೀಡಿಗೆ ಏರಲೂ ಇಲ್ಲ. ಸ್ಪ್ರಿಂಕ್ಲರ್ ಜೆಟ್ ಎರಡು ಗಿಡದಾಚೆ ಬೀಳುತ್ತಿರಲಿಲ್ಲ. "ನಾಯಿ ಮೈ ಕೊಡವಿದ ಹಾಗೆ ಆಗ್ತಿದೆ," ಅಂತ ಸಾಹುಕಾರರು ಫೋನ್ ಮಾಡಿದ್ದರು. ವೈಂಡಿಂಗಿಗೆ 415ರ ಬದಲು 240 ಸಿಕ್ಕಿದಾಗ ಎಳೆಯುವ ಶಕ್ತಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಲೋಡ್ ಹೊತ್ತರೆ ಕರೆಂಟ್ ಏರಿ, ನಿಧಾನಕ್ಕೆ ಇದೂ ಸುಡುತ್ತದೆ. ನಾನು ಹೋಗಿ ಮುಟ್ಟಿದಾಗ ಬಾಡಿಯ ಮೇಲೆ ಕೈ ಇಡಲಾಗಲಿಲ್ಲ.

ಸ್ಟಾರ್ ಡೆಲ್ಟಾ ಸ್ಟಾರ್ಟರ್ ಹಾಕುವುದಾದರೆ ಬಾಕ್ಸಿನ ಎಲ್ಲ ಪಟ್ಟಿಗಳನ್ನೂ ತೆಗೆದು ಆರು ವಯರನ್ನೂ ಸ್ಟಾರ್ಟರಿಗೆ ಒಯ್ಯಬೇಕು. ಒಂದು ಪಟ್ಟಿ ಉಳಿದರೂ ಶಾರ್ಟ್. ಮೋಟಾರ್ 415ಕ್ಕೆ ಡೆಲ್ಟಾ ಆಗಿರಲೇಬೇಕು. 230/400ರ ಮೋಟಾರಿಗೆ ಈ ಸ್ಟಾರ್ಟರ್ ಹಾಕಿದರೆ ಸ್ಟಾರಿನಲ್ಲಿ ಚೆನ್ನಾಗೇ ಓಡುತ್ತದೆ, ಡೆಲ್ಟಾಕ್ಕೆ ಹಾರಿದ ಕೂಡಲೇ ಪಲ್ಪರ್ ಕತೆಯೇ. ಇನ್ನೊಂದು, ಕರೆಂಟ್ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ. 415ರಲ್ಲಿ ಎಚ್‌ಪಿಗೆ ಸುಮಾರು ಒಂದೂವರೆ ಆಂಪಿಯರ್ ಲೆಕ್ಕ. 10 ಎಚ್‌ಪಿಗೆ ಪ್ಲೇಟಿನಲ್ಲಿ ಸುಮಾರು 14 ಇರುತ್ತದೆ. ರಿಲೇ ಯು1, ವಿ1, ಡಬ್ಲ್ಯು1ಕ್ಕೆ ಹೋಗುವ ವಯರಿನಲ್ಲಿದ್ದರೆ ಅದರ ಮೂಲಕ ಹರಿಯುವುದು ವೈಂಡಿಂಗಿನ ಕರೆಂಟ್ ಮಾತ್ರ, 14ರ 0.58 ಪಾಲು. ಅಂದರೆ 8ರ ಹತ್ತಿರ ಸೆಟ್ ಮಾಡಬೇಕು. 14ಕ್ಕೆ ಇಟ್ಟಿದ್ದರೆ ರಿಲೇ ಇದ್ದೂ ಇಲ್ಲದ ಹಾಗೆ. ನಾನು ತೆರೆದು ನೋಡುವ ಪ್ಯಾನೆಲ್‌ಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ರಿಲೇ ಬರುವ ಲೈನಿನಲ್ಲೇ ಇದ್ದರೆ ಮಾತ್ರ ಪೂರ್ತಿ 14.

ಈಗೀಗ ಮನೆಗೆ ಸಿಂಗಲ್ ಫೇಸ್ ಮಾತ್ರ ಇರುವವರು ಡ್ರೈವ್ (ಸಿಂಗಲ್ ಫೇಸನ್ನು ಥ್ರೀ ಫೇಸ್ ಮಾಡಿ ಕೊಡುವ ಪೆಟ್ಟಿಗೆ) ಹಾಕಿ ಥ್ರೀ ಫೇಸ್ ಮೋಟಾರ್ ಓಡಿಸುತ್ತಾರೆ. ಒಳ್ಳೆಯ ದಾರಿ. ಆದರೆ 230 ಒಳಗೆ ಹೋದರೆ ಹೊರಗೆ ಬರುವ ಮೂರು ಫೇಸ್ ನಡುವೆಯೂ 230ಕ್ಕಿಂತ ಜಾಸ್ತಿ ಬರುವುದಿಲ್ಲ. ಇಲ್ಲಿ 230/400ರ ಮೋಟಾರನ್ನು ಡೆಲ್ಟಾ ಮಾಡಬೇಕು! ಪಲ್ಪರಿಗೆ ಯಾವುದು ವಿಷವಾಯಿತೋ ಇಲ್ಲಿ ಅದೇ ಸರಿ. ಪ್ಲೇಟಿನಲ್ಲಿ 5.9/3.4 ಅಂತ ಎರಡು ಕರೆಂಟ್ ಬರೆದಿದ್ದರೆ ಡ್ರೈವಿಗೆ ದೊಡ್ಡ ಸಂಖ್ಯೆ ಕೊಡಿ, ವೋಲ್ಟೇಜ್ 230 ಕೊಡಿ. 415 ಡೆಲ್ಟಾದ ಮೋಟಾರ್ ತಂದು ಇದಕ್ಕೆ ಸಿಕ್ಕಿಸಿದರೆ 50 ಹರ್ಟ್ಸಿನ ಪೂರ್ತಿ ಸ್ಪೀಡಿನ ಬದಲು 28 ಹರ್ಟ್ಸ್ ತನಕ ಮಾತ್ರ ಎಳೆಯುತ್ತದೆ, ಅಲ್ಲಿಂದ ಮೇಲೆ ದಮ್ಮಿರುವುದಿಲ್ಲ.

ಅಮೆರಿಕದ ಮೋಟಾರ್ ನನ್ನ ಬೆಂಚಿಗೆ ಒಮ್ಮೆ ಬಂದಿದೆ, ಒಂದು ಹೋಂಸ್ಟೇಯ ಕಾಫಿ ರೋಸ್ಟರಿನದ್ದು. ಅದರಲ್ಲಿ ಒಂಬತ್ತು ವಯರ್, 1ರಿಂದ 9 ನಂಬರ್, ಪ್ಲೇಟಲ್ಲಿ 230/460, 60 ಹರ್ಟ್ಸ್. ನಮ್ಮ 415ಕ್ಕೆ ಹೈ ವೋಲ್ಟೇಜ್ ಜೋಡಣೆ: 4ಕ್ಕೆ 7, 5ಕ್ಕೆ 8, 6ಕ್ಕೆ 9 ಸೇರಿಸಿ ಮುಚ್ಚಿ, ಫೇಸುಗಳನ್ನು 1, 2, 3ಕ್ಕೆ. ಒಳಗೆ ಸ್ಟಾರ್ ಇರಲಿ, ಡೆಲ್ಟಾ ಇರಲಿ, ಹೈ ವೋಲ್ಟೇಜಿಗೆ ಇದೇ. 50 ಹರ್ಟ್ಸಿನಲ್ಲಿ ಅದರ ಸ್ಪೀಡ್ ಆರರಲ್ಲಿ ಐದು ಪಾಲಾಗುತ್ತದೆ, ಶಕ್ತಿಯೂ ಅಷ್ಟೇ. ಪುಲಿ ಬದಲಿಸಬೇಕಾಯಿತು.

ಪಟ್ಟಿ ಸರಿಯಿದ್ದೂ ಮೋಟಾರ್ ಬಿಸಿಯಾಗುತ್ತಿದ್ದರೆ ಕೇಬಲ್ ನೋಡಿ. ನಮ್ಮ ತೋಟಗಳಲ್ಲಿ ಮೀಟರ್ ಗುಡ್ಡದ ಮೇಲೆ, ಕೆರೆ ಕೆಳಗೆ. 300 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದು 10 ಎಚ್‌ಪಿ ಓಡಿಸಿದರೆ ದಾರಿಯಲ್ಲೇ ಸುಮಾರು 30 ವೋಲ್ಟ್ ಹೋಗುತ್ತದೆ. ಅದೇ ಸೈಜಿನ ಅಲ್ಯೂಮಿನಿಯಂ ಆದರೆ 50ರ ಹತ್ತಿರ. ಎಲ್ಲರೂ ಪಂಪ್ ಹಾಕುವ ಹೊತ್ತಿನಲ್ಲಿ ಲೈನೇ 380ಕ್ಕೆ ಇಳಿದಿರುತ್ತದೆ, ಮೋಟಾರಿಗೆ ಸಿಗುವುದು 340. ಸ್ಟಾರ್ ಡೆಲ್ಟಾ ಬದಲಿಸಿ ಇದನ್ನು ಸರಿ ಮಾಡಲಾಗದು. ದಪ್ಪ ಕೇಬಲ್ ಹಾಕಿ, ಇಲ್ಲಾ ರಾತ್ರಿ ಓಡಿಸಿ. ಸಿಲ್ವರ್ ಓಕ್ ಕೊಂಬೆ ಬಿದ್ದು ಒಂದು ಫೇಸ್ ಹೋದರೆ ಮೋಟಾರ್ ಗುಂಯ್ ಅಂತ ಕೂತು ಸುಡುತ್ತದೆ. ಒಂದು ಫೇಸ್ ಹೋದ ಕೂಡಲೇ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದೆ ಪಂಪ್ ಇಟ್ಟುಕೊಳ್ಳಬೇಡಿ.

ಕೊನೆಗೆ, ಚಾಲೂ ಮಾಡುವ ಮುನ್ನ ಬಾಡಿಗೂ ವೈಂಡಿಂಗಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. 1 ಮೆಗ್ ಓಮ್‌ಗಿಂತ ಕಡಿಮೆ ತೋರಿಸಿದರೆ ಕರೆಂಟ್ ಕೊಡಬೇಡಿ. ನಮ್ಮ ಮಳೆಗಾಲ ಕಳೆದು ಹೊರಗೆ ತೆಗೆದ ಮೋಟಾರ್ ಹೆಚ್ಚಾಗಿ ಇಲ್ಲೇ ಫೇಲ್. ನಾನು ಕವರ್ ಬಿಚ್ಚಿ ಒಳಗೆ 100 ವ್ಯಾಟಿನ ಬಲ್ಬ್ ಉರಿಸಿ ಒಂದು ರಾತ್ರಿ ಒಣಗಿಸುತ್ತೇನೆ. ಆಮೇಲೆ ಅರ್ತ್ ವಯರ್ ಬಿಗಿ ಮಾಡಿ, ಬೆಲ್ಟ್ ಇಲ್ಲದೆ ಓಡಿಸಿ, ಟಾಂಗ್ ಟೆಸ್ಟರನ್ನು (ವಯರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಮೂರು ಫೇಸಿಗೂ ಹಾಕಿ. ಮೂರೂ ಹತ್ತಿರ ಹತ್ತಿರ ಇರಬೇಕು, ಪ್ಲೇಟಿನ ಕರೆಂಟಿನ ಮೂರನೇ ಒಂದರಿಂದ ಅರ್ಧದೊಳಗೆ ಇರಬೇಕು. ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿ.

ಮಾದಾಪುರದ ಮೋಟಾರನ್ನು ಎರಡು ರಾತ್ರಿ ಕೂತು ಸುತ್ತಿ ಕೊಟ್ಟೆ. ಪಟ್ಟಿಯನ್ನು ಸ್ಟಾರಿಗೆ ಹಾಕಿ, ಮುಚ್ಚಳದ ಒಳಬದಿಯಲ್ಲಿ ಬಿಳಿ ಪೇಂಟಿನಲ್ಲಿ '415 ಸ್ಟಾರ್ ಮಾತ್ರ' ಅಂತ ಬರೆದೆ. ರೈಟರ್ ಅದನ್ನು ಓದಿ, "ಹೊರಗಡೆ ಬರೀರಿ, ಎಲ್ರಿಗೂ ಕಾಣ್ಲಿ," ಅಂದರು. ಹೊರಗಡೆ ಬರೆದದ್ದರ ಮೇಲೆ ಬರುವ ವರ್ಷ ಪೇಂಟ್ ಹೊಡೀತಾರೆ ರೈಟ್ರೇ, ಅಂದೆ.