ಹೊರಗಿನ ಗಾಳಿಯನ್ನೇ ಒಳಗೆ ದೂಡಿದ್ದು: ನನ್ನ ಅನುಭವ

"ಭಾವ, ರೋಡಿನ ಹೊಗೇನ ನೀವೇ ಫ್ಯಾನ್ ಹಾಕಿ ಒಳಗೆ ಎಳ್ಕೊಳ್ತೀರಾ?" ಅಂತ ನಕ್ಕಿದ್ದು ನನ್ನ ಬಾಮೈದ. ಎಸಿ ಕೆಲಸದವನು. ಗಾಳಿ ವಿಷಯಕ್ಕೆ ಬಂದರೆ ಮನೆಯಲ್ಲಿ ಅವನದೇ ಕೊನೆ ಮಾತು. ಅವನು ನಕ್ಕಿದ್ದು ನಾನು ಮಾಡಿದ ಪೆಟ್ಟಿಗೆಗೆ, ಹೊರಗಿನ ಗಾಳಿ ಎಳೆದು ಸೋಸಿ ಮಗಳ ರೂಮಿಗೆ ತುಂಬಿಸೋ ಫ್ಯಾನ್ ಪೆಟ್ಟಿಗೆ. ಈಗ ಒಂದು ಚಳಿಗಾಲ ಪೂರ್ತಿ ಕಳೆದಿದೆ, ಅದು ಓಡುತ್ತಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೊಮ್ಮನಹಳ್ಳಿ ಕಡೆ, ಹೊಸೂರು ರಸ್ತೆಯಿಂದ ಎರಡನೇ ಕಟ್ಟಡ. ಕೆಳಗೆ ಅಂಗಡಿ, ಫ್ಯಾನ್ ಮಿಕ್ಸಿ ಮೋಟಾರ್ ವೈಂಡಿಂಗ್ ಮಾಡುತ್ತೇನೆ. ಮೇಲೆ ಮನೆ. ಗಾಡಿ ಹೊಗೆ ಕಡಿಮೆ ಮಾಡೋ ಬಿಎಸ್6 ನಿಯಮ ಬಂದಿದ್ದು 2020ರಲ್ಲಿ, ನಿಜ. ಆದರೆ ನಮ್ಮ ಕಿಟಕಿ ಕೆಳಗೆ ಉಸ್ಸಪ್ಪಾ ಅಂತ ನಿಲ್ಲೋ ನೀರಿನ ಟ್ಯಾಂಕರ್‌ಗಳಿಗೆ ಅದನ್ನು ಯಾರೂ ಹೇಳಿಲ್ಲ. ಮಗಳಿಗೆ ನಾಲ್ಕು ವರ್ಷ. ಪೆಟ್ಟಿಗೆ ಬರುವ ಮುಂಚಿನ ಚಳಿಗಾಲದಲ್ಲಿ ಐದಾರು ಸಲ ಕ್ಲಿನಿಕ್ಕಿಗೆ ಓಡಿದ್ದೇವೆ. ರಾತ್ರಿ ಎರಡು ಗಂಟೆಗೆ ಕೆಮ್ಮು, ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು, ನೆಬ್ಯುಲೈಸರ್. "ಹೊಗೆ ಧೂಳಿನಿಂದ ದೂರ ಇಡಿ" ಅಂದರು ಡಾಕ್ಟರ್. ಲೀಸಿಗೆ ಹಾಕಿಕೊಂಡ ಮನೆ ಬಿಟ್ಟು ಎಲ್ಲಿ ದೂರ ಇಡೋದು?

ಮೊದಲು ಗಿಡ ತಂದೆವು. ಹತ್ತು ಹನ್ನೆರಡು ಕುಂಡ, ಸುಮಾರು 2,000 ರೂಪಾಯಿ. ಸೊಳ್ಳೆ ಜಾಸ್ತಿ ಆಯಿತು, ಅಷ್ಟೇ. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಏರ್ ಪ್ಯೂರಿಫೈಯರ್, 6,500. ಅದು ಕೆಟ್ಟದ್ದೇನಲ್ಲ. ಬಾಗಿಲು ಕಿಟಕಿ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಧೂಳಿನ ಮೀಟರ್ ಇಳಿಯುತ್ತಿತ್ತು. (ಗಾಳಿಯಲ್ಲಿರೋ ಸಣ್ಣ ಕಣ, ಪಿಎಂ 2.5, ಅಳೆಯೋದು ಅದು. ಮುಂದೆ ಬರೋ ಮೀಟರ್ ಅಂಕಿಗಳೆಲ್ಲಾ ಒಂದು ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ ಅಂತ.) ಆದರೆ ನಮ್ಮ ಮನೆಗಳ ಕಥೆ ನಿಮಗೆ ಗೊತ್ತಲ್ಲ, ಕಿಟಕಿ ಮೇಲೆ ವೆಂಟಿಲೇಟರ್, ಬಾಗಿಲ ಕೆಳಗೆ ಬೆರಳಗಲ ಸಂದಿ. ಒಂದು ಕಡೆ ಶುದ್ಧ ಮಾಡಿದಷ್ಟೂ ಇನ್ನೊಂದು ಕಡೆಯಿಂದ ನುಗ್ಗುತ್ತದೆ. ಎಲ್ಲಾ ಸಂದಿಗೂ ಟೇಪ್ ಹಾಕಿದೆ. ಮೂರು ಜನ ಮಲಗಿದರೆ ಬೆಳಗಾಗುವ ಹೊತ್ತಿಗೆ ತಲೆ ಭಾರ. ಹೆಂಡತಿ ಎದ್ದು ಕಿಟಕಿ ತೆಗೆಯುತ್ತಿದ್ದಳು, ಅಲ್ಲಿಗೆ ರಾತ್ರಿಯೆಲ್ಲಾ ಮಾಡಿದ ಕೆಲಸ ನೀರುಪಾಲು.

ಆಗ ತಲೆಗೆ ಹೊಳೆದದ್ದು ಇದು. ಸಂದಿ ಮುಚ್ಚೋದು ಬೇಡ. ಸಂದಿಗಳಿಂದ ಗಾಳಿ ಹೊರಗೇ ಹೋಗುವ ಹಾಗೆ ಮಾಡಿದರೆ? ಹಿಂದಿನ ಕಿಟಕಿಯಿಂದ ಗಾಳಿ ಎಳೆದು, ಸೋಸಿ, ರೂಮಿನೊಳಗೆ ಒತ್ತಿ ತುಂಬಿಸೋದು.

ಮೊದಲನೇ ಪೆಟ್ಟಿಗೆ ದಂಡ. ಅಂಗಡಿಯಲ್ಲಿ ಬಿದ್ದಿದ್ದ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ತಿರುಗಿಸಿ ಕೂರಿಸಿ, ಹಿಂದೆ ಕಾರಿನ ಎಸಿ ಫಿಲ್ಟರ್ ಎರಡು ಹಾಕಿದೆ. ಇಷ್ಟು ವರ್ಷ ಫ್ಯಾನ್ ರಿಪೇರಿ ಮಾಡಿದವನು ಈ ತಪ್ಪು ಮಾಡಬಾರದಿತ್ತು. ಆ ಎಲೆಗಳಿಗೆ ಒತ್ತಡ ತಾಳೋ ತಾಕತ್ತೇ ಇಲ್ಲ. ಸುಮ್ನೆ ಸದ್ದು, ಗಾಳಿ ಇಲ್ಲ. ಎರಡನೆಯದು ರಟ್ಟಿನದು, ಜುಲೈ ಮಳೆಗೆ ಹಪ್ಪಳ ನೆನೆದ ಹಾಗೆ ಮೆತ್ತಗಾಯಿತು. ಇವೆರಡರಲ್ಲಿ 1,500 ಹೋಯಿತು ಅಂತ ಮನೆಯಲ್ಲಿ ಹೇಳಿದ್ದೇನೆ. ನಿಜವಾಗಿ 2,800 ಇರಬೇಕು.

ಮೂರನೆಯದು ಪ್ಲೈವುಡ್. 6 ಇಂಚಿನ ಇನ್‌ಲೈನ್ ಡಕ್ಟ್ ಫ್ಯಾನ್, ಸುಮಾರು 3,600. ಪ್ಯೂರಿಫೈಯರ್‌ಗೆ ಹಾಕೋ ದೊಡ್ಡ ಹೆಪಾ ಫಿಲ್ಟರ್ (ತೀರಾ ಸಣ್ಣ ಧೂಳನ್ನೂ ಹಿಡಿಯೋದು), 1,900 ಚಿಲ್ಲರೆ. ಮುಂದೆ ಎಸಿ ಜಾಲರಿ, ಅದನ್ನು ತೊಳೆದು ಹಾಕಬಹುದು. ಇಡೀ ಖರ್ಚು 7,000 ಒಳಗೆ. ಎಳೆಯೋದು ಹಿಂದಿನ ಓಣಿ ಕಡೆಯಿಂದ, ರೋಡ್ ಕಡೆಯಿಂದ ಅಲ್ಲ. ರೋಡ್ ಕಡೆ ಮೀಟರ್ 85 ತೋರಿಸುವಾಗ ಹಿಂದೆ 60 ಇರುತ್ತದೆ, ಆ ಇಪ್ಪತ್ತೈದನ್ನು ಯಾಕೆ ಬಿಡಬೇಕು?

ಫಿಲ್ಟರ್ ಎಷ್ಟೇ ಒಳ್ಳೇದಿದ್ದರೂ ಅಂಚಿನಲ್ಲಿ ಸೋರಿದರೆ ದುಡ್ಡು ದಂಡ. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಒಂದೊಂದು ಮೂಲೆಗೂ ಹಿಡಿದೆ. ಮೂರು ಮೂಲೆಯಲ್ಲಿ ಹೊಗೆ ನೆಟ್ಟಗೆ ಮೇಲೆ ಹೋಯಿತು. ನಾಲ್ಕನೆಯದರಲ್ಲಿ ದಾರ ಸೂಜಿಗೆ ಹೋದ ಹಾಗೆ ಬಾಗಿ ಒಳಗೆ ನುಗ್ಗಿತು. ಅದನ್ನು ಹೇಗೆ ಮುಚ್ಚಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಸಿಲಿಕೋನ್ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಅಂದಹಾಗೆ, ಆವತ್ತು ಮೀಟರ್ 400 ದಾಟಿತು. ಪೆಟ್ಟಿಗೆ ಕೈಕೊಟ್ಟಿತು ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕಾರಣ ಕೈಯಲ್ಲಿದ್ದ ಊದುಬತ್ತಿ! ಆಮೇಲಿಂದ ಅಮ್ಮನ ಪೂಜೆ ಊದುಬತ್ತಿ ಬಾಲ್ಕನಿಗೆ ಹೋಯಿತು. ಅದಕ್ಕೆ ನಡೆದ ಜಗಳ ಬೇರೆ.

ಗಾಳಿ ಎಷ್ಟು ಬರುತ್ತೆ ಅಂತ ನೋಡಲು ಕಸದ ದೊಡ್ಡ ಕಪ್ಪು ಕವರನ್ನು ಪೆಟ್ಟಿಗೆಯ ಬಾಯಿಗೆ ಹಿಡಿದೆ. ಎರಡೂವರೆ ಮೂರು ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 90-100 ಘನ ಅಡಿ ಅಂತಿಟ್ಟುಕೊಳ್ಳಿ. ಹತ್ತಕ್ಕೆ ಹನ್ನೊಂದರ ರೂಮಿಗೆ ಇದು ಸಾಕು. ಬಾಗಿಲ ಕೆಳಗೆ ಟಿಶ್ಯೂ ಚೂರು ಇಟ್ಟೆ, ಹಾಲ್ ಕಡೆಗೆ ಹಾರಿತು. ಆವತ್ತು ಬಾಮೈದನಿಗೆ ಅದರ ವಿಡಿಯೋ ಕಳಿಸಿದೆ. ಉತ್ತರ ಬರಲಿಲ್ಲ.

ಜನವರಿಯಲ್ಲಿ ರಾತ್ರಿ ಹೊತ್ತು ಹೊರಗೆ 80-90, ಮಗಳ ರೂಮಲ್ಲಿ 12ರಿಂದ 18. ಪಕ್ಕದ ಮನೆಯವರು ಕೇಳಿದರು, "ಅರವತ್ತರೊಳಗೆ ಇದ್ರೆ ಸಾಕಲ್ವಾ, ಸರ್ಕಾರನೇ ಹೇಳಿದೆ." ಹೌದು, ನಮ್ಮಲ್ಲಿ ದಿನದ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಾನು ಆ ಹದಿನೈದಕ್ಕೇ ಗುರಿ ಇಟ್ಟವನು. ಎಸ್‌ಪಿ ರೋಡಿನಲ್ಲಿ ಕೊಂಡ ಎಸ್‌ಡಿಎಸ್011 ಸೆನ್ಸರ್, ಅದೇ ನನ್ನ ಮೀಟರ್, ಮಂಜು ಬಿದ್ದ ಬೆಳಿಗ್ಗೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಡೀಸೆಲ್ ಮಸಿಯ ತೀರಾ ಸಣ್ಣ ಕಣ ಅದರ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ನಾನು ನಂಬೋದು ಫಿಲ್ಟರನ್ನು. ಮೂರು ತಿಂಗಳಿಗೆ ಬಿಚ್ಚಿದಾಗ ಮಿಕ್ಸಿ ಕಾರ್ಬನ್ ಬ್ರಷ್ಷಿನ ಪುಡಿ ಮೆತ್ತಿದ ಹಾಗೆ ಕಪ್ಪು. ಹೆಂಡತಿ ಅದನ್ನು ನೋಡಿ ಒಂದೂ ಮಾತಾಡಲಿಲ್ಲ. ಅಲ್ಲಿಯವರೆಗೆ ಗೃಹಜ್ಯೋತಿ ಲೆಕ್ಕ ದಾಟುತ್ತೆ ಅಂತ ಮೀಟರ್ ಬೋರ್ಡ್ ಮುಂದೆಯೇ ನಿಲ್ಲುತ್ತಿದ್ದಳು. ತಿಂಗಳಿಗೆ 18-20 ಯೂನಿಟ್ ಅಷ್ಟೇ ಎಳೆಯೋದು.

ನಡುವೆ ಇನ್ನೊಂದು ಹುಚ್ಚು. ಸ್ಕೂಟರಿನಲ್ಲಿ ಮಗಳು ನನ್ನ ಮುಂದೆ ನಿಲ್ಲುತ್ತಾಳೆ, ಅವಳ ಮೂಗು ಸರಿಯಾಗಿ ಮುಂದಿನ ಗಾಡಿಯ ಹೊಗೆ ಕಡೆಗೇ. ಸೆನ್ಸರನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ ಹ್ಯಾಂಡಲಿಗೆ ಕಟ್ಟಿ ಶಾಲೆಗೆ ಹೋದೆ. ಮೇನ್ ರೋಡ್ ಸಿಗ್ನಲ್‌ನಲ್ಲಿ ಟೆಂಪೋ ಹಿಂದೆ 150 ದಾಟಿತು. ಒಳಗಿನ ಕ್ರಾಸ್ ರಸ್ತೆಗಳಲ್ಲಿ 40ರ ಆಸುಪಾಸು. ಆರು ನಿಮಿಷ ಸುತ್ತು ಜಾಸ್ತಿ. ಈಗ ದಿನಾ ಅದೇ ದಾರಿ, ಸಿಗ್ನಲ್ ಬಂದರೆ ಎರಡು ಗಾಡಿ ಜಾಗ ಬಿಟ್ಟು ನಿಲ್ಲುತ್ತೇನೆ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ. ಕಿಟಕಿ ತೆಗೆಯೋದೂ ಈಗ ಮಧ್ಯಾಹ್ನ ಒಂದರಿಂದ ನಾಲ್ಕು. ಬೆಳಗಿನ ತಂಪು ಗಾಳಿ ಶುದ್ಧ ಅಂತ ನಾವು ಅಂದುಕೊಂಡಿದ್ದೆವು. ಚಳಿಗಾಲದಲ್ಲಿ ಹೊಗೆಯೆಲ್ಲಾ ನೆಲಕ್ಕೆ ಅಂಟಿಕೊಂಡಿರೋದು ಆಗಲೇ.

ಈ ಚಳಿಗಾಲ ಕ್ಲಿನಿಕ್ಕಿಗೆ ಹೋಗಿದ್ದು ಎರಡೇ ಸಲ. ಎಲ್ಲಾ ಪೆಟ್ಟಿಗೆಯ ಪುಣ್ಯ ಅಂತ ಹೇಳಲಾರೆ, ಮಗುವಿಗೂ ಒಂದು ವರ್ಷ ಹೆಚ್ಚಾಗಿದೆ. ಡಾಕ್ಟರ್ ಕೊಟ್ಟ ಇನ್‌ಹೇಲರ್ ನಿಲ್ಲಿಸಿಲ್ಲ, ನೀವೂ ನಿಲ್ಲಿಸಬೇಡಿ. ಸದ್ದು ಇನ್ನೂ ಸರಿಹೋಗಿಲ್ಲ. ಫುಲ್ ಸ್ಪೀಡಿಗೆ ಇಟ್ಟರೆ ಗಿರಣಿ ಪಕ್ಕ ಮಲಗಿದ ಹಾಗಿರುತ್ತದೆ.

ಹೋದ ತಿಂಗಳು ಬಾಮೈದ ಬಂದು ಟೇಪ್ ಹಿಡಿದು ಪೆಟ್ಟಿಗೆ ಅಳತೆ ತೆಗೆದುಕೊಂಡ. ಅವನ ಮಗನಿಗೂ ಈಗ ಎರಡು ವರ್ಷ. ನಾನೇ ಒಂದು ಮಾಡಿಕೊಟ್ಟೆ. ಫಿಲ್ಟರ್ ದುಡ್ಡು ಇನ್ನೂ ಬಂದಿಲ್ಲ.