ಬರೀ ಡಾಪ್ಲರ್‌ನಿಂದ ಜೆ2: ನನ್ನ ಅನುಭವ

ಮೈಸೂರಿನ ನಮ್ಮ ಮನೆ ತಾರಸಿಯಿಂದ, ಡಾಪ್ಲರ್ (ಉಪಗ್ರಹ ಹತ್ತಿರ ಬರುವಾಗ, ದೂರ ಹೋಗುವಾಗ ಅದರ ರೇಡಿಯೊ ಆವರ್ತನ ಬದಲಾಗುವುದು) ಒಂದನ್ನೇ ನಂಬಿಕೊಂಡು ಭೂಮಿಯ ಜೆ2, ಅಂದರೆ ಅದರ ನಡು ಉಬ್ಬಿರುವುದರ ಅಳತೆ, ತೆಗೆದೆ. ಆ ಉಬ್ಬು ಉಪಗ್ರಹದ ಕಕ್ಷೆಯ ತಲವನ್ನು ದಿನದಿನವೂ ತಿರುಗಿಸುತ್ತದೆ, ತಿರುಗುವ ವೇಗ ಅಳೆದರೆ ಜೆ2 ಸಿಗುತ್ತದೆ. ಬಂದ ಬೆಲೆ 0.001086ರ ಆಸುಪಾಸು, ಒಪ್ಪಿತ ಬೆಲೆ 0.0010826. "ಒಂದೇ ಸ್ಟೇಷನ್ನು, ಅದೂ ಯುಎಸ್‌ಬಿ ರೇಡಿಯೊ ಡಾಂಗಲ್ಲು, ಆಗೋ ಮಾತಲ್ಲ ಬಿಡಿ ಸಾರ್" ಎಂದಿದ್ದ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರಿಗೆ ಲೆಕ್ಕದ ಫೈಲನ್ನೇ ಕಳಿಸಿದ್ದೇನೆ. 1957ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ಗಯರ್ ಮತ್ತು ವೈಫೆನ್‌ಬಾಕ್ ಸ್ಪುಟ್ನಿಕ್‌ನ 20 ಮೆಗಾಹರ್ಟ್ಸ್ ಬೀಪ್ ಕೇಳಿಯೇ ಅದರ ಕಕ್ಷೆ ಕಂಡುಹಿಡಿದಿದ್ದರು. ಆ ಧೈರ್ಯದ ಮೇಲೆ ಕೈ ಹಾಕಿದ್ದು.

ಶುರುಮಾಡಿದ್ದು ನೋವಾ-15 ಎಂಬ ಹವಾಮಾನ ಉಪಗ್ರಹದಿಂದ, 2025ರಲ್ಲಿ ಅದನ್ನು ನಿಲ್ಲಿಸುವ ಮುಂಚಿನ ಮಾತು. 137 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಧಾರಾಳ, ಆದರೆ ಉತ್ತರ ವಾರಕ್ಕೊಂದು ಥರ. ಕಾರಣ ಕಕ್ಷೆಯ ಓರೆ, ಅಂದರೆ ಸಮಭಾಜಕವೃತ್ತಕ್ಕೆ ಅದು ಬಾಗಿರುವ ಕೋನ. ತಲ ತಿರುಗುವ ವೇಗ ಜೆ2 ಮತ್ತು ಆ ಕೋನದ ಕೊಸೈನ್ ಎರಡರ ಗುಣಲಬ್ಧಕ್ಕೆ ತಕ್ಕಂತೆ. ಸುಮಾರು 98.5 ಡಿಗ್ರಿಯಲ್ಲಿ ಕೊಸೈನ್ ಬೆಲೆಯೇ ಚಿಕ್ಕದು, ಓರೆಯಲ್ಲಿ 0.1 ಡಿಗ್ರಿ ಏರುಪೇರಾದರೆ ಜೆ2ದಲ್ಲಿ ಶೇಕಡಾ ಒಂದಕ್ಕೂ ಹೆಚ್ಚು ಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಐಎಸ್‌ಎಸ್‌ನ 51.6 ಡಿಗ್ರಿಯಲ್ಲಿ ಅದೇ ತಪ್ಪಿನ ಬೆಲೆ ಶೇಕಡಾ 0.2 ಅಷ್ಟೇ. ಅಲ್ಲಿಗೆ ಉಪಗ್ರಹ ಬದಲಾಯಿತು.

ದುಡ್ಡು ನುಂಗಿದ್ದು ಗಡಿಯಾರ. ಅಗ್ಗದ ಡಾಂಗಲ್ಲಿನ ಕ್ರಿಸ್ಟಲ್ ಏಪ್ರಿಲ್ ಬಿಸಿಲಿಗೆ ಒಂದು ಪಾಸ್ (ಉಪಗ್ರಹ ಆಕಾಶದಲ್ಲಿ ಒಮ್ಮೆ ಹಾದುಹೋಗುವುದು) ಮುಗಿಯುವಷ್ಟರಲ್ಲೇ ನೂರಾರು ಹರ್ಟ್ಸ್ ಜಾರುತ್ತಿತ್ತು. ಟಿಸಿಎಕ್ಸ್‌ಒ (ಬಿಸಿಯ ಏರಿಳಿತ ಸರಿದೂಗಿಸುವ ಕ್ರಿಸ್ಟಲ್) ಇರುವುದನ್ನು ತರಿಸಿದೆ, ನಾಲ್ಕು ಸಾವಿರ ಚಿಲ್ಲರೆ. ಅದೂ ಸಾಲದೆ ಜಿಪಿಎಸ್‌ಗೆ ಕಟ್ಟಿಹಾಕಿದ ಆಸಿಲೇಟರ್ ಕೊಂಡೆ, ಹತ್ತು ಹನ್ನೆರಡು ಸಾವಿರ. ಆಂಪ್ಲಿಫಯರ್, ಕೇಬಲ್, ಸಿಡಿಲಿಗೆ ಹೋದ ಇನ್ನೊಂದು ಆಂಪ್ಲಿಫಯರ್ ಸೇರಿ ಮೂವತ್ತು ಸಾವಿರ ದಾಟಿತು. ಇಷ್ಟಾದರೂ ಲ್ಯಾಪ್‌ಟಾಪಿನ ಸಮಯ ಕೈಕೊಡುತ್ತಿತ್ತು: ಸಾಫ್ಟ್‌ವೇರಿನ ಬಫರ್ ಕಾಲು ಸೆಕೆಂಡ್ ತಡಮಾಡಿದರೆ ಐಎಸ್‌ಎಸ್ ಎರಡು ಕಿಲೋಮೀಟರ್ ಆಚೆ ಹೋಗಿರುತ್ತದೆ. ಜಿಪಿಎಸ್‌ನ ಸೆಕೆಂಡ್ ಪಲ್ಸನ್ನು ರೆಕಾರ್ಡಿಂಗ್ ಒಳಕ್ಕೇ ಸೇರಿಸಿದ ಮೇಲೆ ಆ ಕಾಟ ತಪ್ಪಿತು. ಸೇರಿಸುವ ಬಗೆ ನನ್ನ ಹತ್ತಿರವೇ ಇರಲಿ.

ಐಎಸ್‌ಎಸ್‌ನ ಹ್ಯಾಮ್ ರೇಡಿಯೊ 145.825 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಪ್ಯಾಕೆಟ್‌ಗಳು (ಪುಟ್ಟ ಡಿಜಿಟಲ್ ಸಂದೇಶಗಳು) ಸಾಮಾನ್ಯವಾಗಿ ಸಿಗುತ್ತವೆ. 437.800ರ ರಿಪೀಟರ್ (ಕೇಳಿದ್ದನ್ನು ಮರುಪ್ರಸಾರ ಮಾಡುವ ಯಂತ್ರ) ಚಾಲೂ ಇದ್ದರೆ ಹಬ್ಬ, ಡಾಪ್ಲರ್ ಹತ್ತು ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ. ಪ್ರತಿ ಪಾಸಿಗೂ ಮೂಲ ಆವರ್ತನವನ್ನು ಬೇರೆ ಅಜ್ಞಾತವಾಗಿಯೇ ಬಿಡಬೇಕು. ಪ್ರಕಟಿತ ಅಂಕಿಯನ್ನು ನಂಬಿದರೆ ಕೆಟ್ಟಿರಿ. ಕಾಲದ ತಿದ್ದುಪಡಿಯನ್ನೂ ಹಾಗೇ ಅಜ್ಞಾತವಾಗಿ ಬಿಟ್ಟೆ. ಗಾಳಿಯ ಎಳೆತ, ರೀಬೂಸ್ಟ್ (ಎಂಜಿನ್ ಉರಿಸಿ ಕಕ್ಷೆ ಏರಿಸುವುದು) ಎಲ್ಲ ಉಪಗ್ರಹವನ್ನು ಹಿಂದೆ ಮುಂದೆ ಮಾಡುತ್ತವೆಯೇ ಹೊರತು ಕಕ್ಷೆಯ ತಲವನ್ನು ಅಷ್ಟಾಗಿ ಮುಟ್ಟುವುದಿಲ್ಲ. ನನಗೆ ಬೇಕಿದ್ದದ್ದು ಆ ತಲವೇ. ಮೇಲೇರುವ ಪಾಸ್, ಇಳಿಯುವ ಪಾಸ್ ಎರಡೂ ಇದ್ದರೆ ಉಪಗ್ರಹ ನನ್ನ ಪೂರ್ವಕ್ಕೆ ಹಾದುಹೋಯಿತೋ ಪಶ್ಚಿಮಕ್ಕೆ ಹಾದುಹೋಯಿತೋ ಎಂಬ ಗೊಂದಲವೂ ಕರಗುತ್ತದೆ. ತೆಂಕಣ ದಿಕ್ಕಿಗೆ ತೆಂಗಿನಮರ ಅಡ್ಡ, ಹದಿನೈದು ಡಿಗ್ರಿ ಕೆಳಗಿನದೆಲ್ಲ ಕಸದಬುಟ್ಟಿಗೆ. ಪಾಸ್‌ಗಳಿಗೆ ತೂಕ ಕೊಡುವ ಸೂತ್ರ ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಚಂದ್ರನ ರಾಹು ಕೇತು ಹಿಂದಕ್ಕೆ ಸರಿಯುವಂತೆ ಐಎಸ್‌ಎಸ್‌ನ ಪಾತಬಿಂದುವೂ (ಕಕ್ಷೆ ಸಮಭಾಜಕವೃತ್ತವನ್ನು ದಾಟುವ ಜಾಗ) ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಎಳೆಯುವವನು ಸೂರ್ಯ, ಇಲ್ಲಿ ಭೂಮಿಯ ಉಬ್ಬಿದ ನಡು. ನನಗೆ ಬಂದದ್ದು ದಿನಕ್ಕೆ ಐದು ಡಿಗ್ರಿಗೆ ಒಂಚೂರು ಕಡಿಮೆ. ಒಂದೂವರೆ ತಿಂಗಳಲ್ಲಿ ಇನ್ನೂರು ಡಿಗ್ರಿ ಮೀರಿದ ಆ ಗೆರೆ ಗ್ರಾಫಿನಲ್ಲಿ ನೆಟ್ಟಗೆ ಕೂತದ್ದನ್ನು ಕಂಡು ನನಗಾದ ಖುಷಿ ಅಷ್ಟಿಷ್ಟಲ್ಲ. ಟಿಎಲ್‌ಇ (ಪ್ರಕಟಿತ ಕಕ್ಷೆಯ ಅಂಕಿಅಂಶ) ಬಳಸಿದ್ದು ಪಾಸ್ ಯಾವಾಗ ಎಂದು ತಿಳಿಯಲಿಕ್ಕೆ ಮಾತ್ರ, ಲೆಕ್ಕದೊಳಗೆ ಬಿಟ್ಟುಕೊಂಡಿಲ್ಲ.

ಭೂಮಿಯ ಉತ್ತರ, ದಕ್ಷಿಣ ಭಾಗಗಳ ವ್ಯತ್ಯಾಸ ಹೇಳುವ ಜೆ3ಕ್ಕೂ ಕೈ ಹಾಕಿದ್ದೆ. ಬರಲಿಲ್ಲ. 1959ರಲ್ಲಿ ಭೂಮಿಗೆ ಪೇರ್ ಹಣ್ಣಿನ ಆಕಾರ ತೋರಿಸಿಕೊಟ್ಟ ವ್ಯಾನ್‌ಗಾರ್ಡ್-1ರ ಕಕ್ಷೆ ಚೆನ್ನಾಗಿ ಉದ್ದುದ್ದ. ಐಎಸ್‌ಎಸ್‌ನದು ಹೆಚ್ಚುಕಮ್ಮಿ ವೃತ್ತ, ಸಾಲದ್ದಕ್ಕೆ ನಡುವೆ ಒಂದು ರೀಬೂಸ್ಟ್.

ಆ ಬೇಸರದಲ್ಲಿ ಲೇಜಿಯಾಸ್-1 ಉಪಗ್ರಹದ ಲೇಸರ್ ಡೇಟಾ (ನೆಲದಿಂದ ಲೇಸರ್ ಹಾಯಿಸಿ ಅಳೆದ ದೂರ) ಇಳಿಸಿಕೊಂಡೆ. ಪುಕ್ಕಟೆ ಸಿಗುತ್ತದೆ. 1976ರಲ್ಲಿ ಹಾರಿಸಿದ, 426 ಪ್ರತಿಫಲಕಗಳ, 60 ಸೆಂಟಿಮೀಟರಿನ ಚೆಂಡು. ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಗೊಡವೆ ಇಲ್ಲ. ಜೆ2 ಒಂದನ್ನೇ ಇಟ್ಟಾಗ ಉಳಿಕೆ (ಲೆಕ್ಕಕ್ಕೂ ಅಳತೆಗೂ ಇರುವ ಅಂತರ) ಕಿಲೋಮೀಟರ್‌ಗಟ್ಟಲೆ. ಎಂಟನೇ ಡಿಗ್ರಿಯವರೆಗಿನ (ಜೆ2ಗಿಂತ ಸೂಕ್ಷ್ಮವಾದ) ಗುರುತ್ವದ ಏರುಪೇರು, ಸೂರ್ಯ, ಚಂದ್ರ ಸೇರಿಸಿದ ಮೇಲೆ ಕೆಲವೇ ಮೀಟರ್. ಅಲ್ಲಿ ಜೆ2 ಒಪ್ಪಿತ ಬೆಲೆಯ ಐದನೇ ಅಂಕಿಯವರೆಗೂ ಕೂಡಿಬಂತು. ಆದರೂ ತಾರಸಿಯ ಮೂರು ಅಂಕಿಯೇ ನನಗೆ ಹೆಚ್ಚು.

ಧಾರವಾಡದ ಗೆಳೆಯರೊಬ್ಬರು ಇದೇ ಸೆಟ್ಟು ಕಟ್ಟುತ್ತಿದ್ದಾರೆ. ಒಂದೇ ಪಾಸನ್ನು ಎರಡೂ ಕಡೆ ಹಿಡಿದರೆ ಓರೆಯ ತಪ್ಪು ಈಗಿನದರ ಮೂರನೇ ಒಂದು ಪಾಲಿಗೆ ಇಳಿಯಬೇಕು.